ಗಣ್ಯರಿಗೂ ಒಂದೇ ನ್ಯಾಯ: ಹ. ಉಮರ್(ರ)ರ ಬದುಕಿನಿಂದ

ಹಣವಿದ್ದವನಿಗೆ ಒಂದು ನ್ಯಾಯ, ಇಲ್ಲದವನಿಗೆ ಇನ್ನೊಂದು ನ್ಯಾಯ ಎಂಬ ಮಾತನ್ನು ನೀವು ಬಸ್ಸಿನಲ್ಲಿ, ಸಂತೆಯಲ್ಲಿ, ಮಸೀದಿಯ ಜಗಲಿಯಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಅದು ಬರೀ ಬಾಯಿಮಾತಲ್ಲ. 2022ರ ಕೊನೆಯ ಸರಕಾರಿ ಲೆಕ್ಕವನ್ನು ನೋಡಿದರೆ, ನಮ್ಮ ದೇಶದ ಸೆರೆಮನೆಗಳಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರು ಶಿಕ್ಷೆಯಾದವರಲ್ಲ, ವಿಚಾರಣೆಗಾಗಿ ಕಾಯುತ್ತಿದ್ದವರು. ಜಾಮೀನಿನ ಆದೇಶ ಕೈಗೆ ಸಿಕ್ಕಿದ ಮೇಲೂ ಕಟ್ಟಲು ಹಣವಿಲ್ಲದೆ, ನಿಲ್ಲಲು ಜಾಮೀನುದಾರನಿಲ್ಲದೆ ಒಳಗೇ ಉಳಿದವರು ಅವರಲ್ಲಿದ್ದರು. ಒಳ್ಳೆಯ ವಕೀಲನನ್ನು ಇಟ್ಟುಕೊಳ್ಳಬಲ್ಲವನು ಅದೇ ಸಂಜೆ ಮನೆಯಲ್ಲಿ ಊಟ ಮಾಡುತ್ತಾನೆ. ಅಪರಾಧ ಒಂದೇ ಆದರೂ ಇಬ್ಬರು ಅನುಭವಿಸುವುದು ಒಂದನ್ನೇ ಅಲ್ಲ.

ಈ ರೋಗ ಹಳೆಯದು. ಇದಕ್ಕೆ ಮದ್ದು ಹುಡುಕಿದವರಲ್ಲಿ ದ್ವಿತೀಯ ಖಲೀಫಾ ಹ. ಉಮರ್ ಬಿನ್ ಖತ್ತಾಬ್(ರ) ಅವರಷ್ಟು ಹಟ ಹಿಡಿದವರು ವಿರಳ. ಅವರ ಬದುಕನ್ನು ನೀವು ಅನೇಕ ಬಾರಿ ಓದಿದ್ದೀರಿ. ಇಂದು ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಅದನ್ನು ಇನ್ನೊಮ್ಮೆ ನೋಡೋಣ.

ಅವರು ಹುಟ್ಟಿದ್ದು ಕುರೈಶರ ಬನೂ ಅದೀ ಶಾಖೆಯಲ್ಲಿ. ಗೌರವದ ಮನೆತನವೇ, ಆದರೆ ಉಮಯ್ಯಾ ಮತ್ತು ಮಖ್‌ಝೂಮ್ ಶಾಖೆಗಳ ಐಶ್ವರ್ಯ ಅವರಿಗಿರಲಿಲ್ಲ. ಬಾಲ್ಯದಲ್ಲಿ ಅವರು ತಂದೆ ಖತ್ತಾಬನ ಒಂಟೆಗಳನ್ನು ಮೇಯಿಸುತ್ತಿದ್ದರು. ತಂದೆ ಬಹಳ ಕಠಿಣ ಸ್ವಭಾವದವನು. ದುಡಿದು ಸುಸ್ತಾಗಿ ಬಂದ ಮಗನಿಗೆ ಸಿಗುತ್ತಿದ್ದುದು ಹೊಡೆತ. ಮುಂದೆ ಖಲೀಫರಾಗಿ ಮಕ್ಕಾದ ಸಮೀಪದ ದಜ್ನಾನ್ ಎಂಬ ಜಾಗವನ್ನು ಹಾದುಹೋಗುವಾಗ ಅವರು ಆ ದಿನಗಳನ್ನು ನೆನೆದು, ತನಗೂ ಅಲ್ಲಾಹನಿಗೂ ನಡುವೆ ಈಗ ಯಾವ ಮನುಷ್ಯನೂ ಇಲ್ಲವಲ್ಲ ಎಂದು ಬೆರಗಾದರೆಂದು ವರದಿಯಿದೆ. ಬೆನ್ನ ಮೇಲೆ ಪೆಟ್ಟು ತಿಂದವನಿಗೆ ಅಧಿಕಾರ ಸಿಕ್ಕಾಗ ಎರಡರಲ್ಲೊಂದು ಆಗುತ್ತದೆ: ಅವನು ಇನ್ನೊಬ್ಬರ ಬೆನ್ನು ಹುಡುಕುತ್ತಾನೆ, ಇಲ್ಲವೇ ಪೆಟ್ಟಿನ ಲೆಕ್ಕವನ್ನು ಬಹಳ ಜಾಗರೂಕತೆಯಿಂದ ಇಡುತ್ತಾನೆ.

ಅವರ ತಾಯಿ ಹಂತಮಾ ಮಖ್‌ಝೂಮ್ ಗೋತ್ರದವರು. ಈ ಗೋತ್ರದ ಹೆಸರು ನಮಗೆ ಇಲ್ಲಿ ಮುಖ್ಯ. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯದ ಸಂದರ್ಭದಲ್ಲಿ ಇದೇ ಗೋತ್ರದ ಒಬ್ಬಾಕೆ ಕಳ್ಳತನದಲ್ಲಿ ಸಿಕ್ಕಿಬಿದ್ದಳು. ಇಷ್ಟು ದೊಡ್ಡ ಮನೆತನದ ಹೆಂಗಸಿಗೆ ಶಿಕ್ಷೆಯೇ ಎಂದು ಕುರೈಶರು ಕಳವಳಗೊಂಡರು. ಪ್ರವಾದಿವರ್ಯರ(ಸ) ಪ್ರೀತಿಗೆ ಪಾತ್ರರಾಗಿದ್ದ ಹ. ಉಸಾಮಾ ಬಿನ್ ಝೈದ್(ರ)ರನ್ನು ಶಿಫಾರಸಿಗೆ ಕಳುಹಿಸಿದರು. ಪ್ರವಾದಿವರ್ಯರ(ಸ) ಮುಖ ಬಣ್ಣಗೆಟ್ಟಿತು. ನಿಮಗಿಂತ ಹಿಂದಿನವರು ನಾಶವಾದದ್ದೇ ಇದರಿಂದ, ಅವರಲ್ಲಿ ಕುಲೀನನು ಕದ್ದರೆ ಬಿಟ್ಟುಬಿಡುತ್ತಿದ್ದರು, ದುರ್ಬಲನು ಕದ್ದರೆ ಶಿಕ್ಷಿಸುತ್ತಿದ್ದರು ಎಂದು ಅವರು ಜನರಿಗೆ ತಿಳಿಸಿದರು. ಕದ್ದವಳು ತನ್ನ ಮಗಳು ಫಾತಿಮಾ ಆಗಿದ್ದರೂ ತೀರ್ಪು ಬದಲಾಗದು ಎಂದರು. ಉಮರ್(ರ)ರ ಆಡಳಿತವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕ್ರಿ.ಶ. 634ರಲ್ಲಿ ಅವರು ಖಲೀಫರಾದರು. ಮುಂದಿನ ಹತ್ತು ವರ್ಷಗಳಲ್ಲಿ ಇರಾಕ್, ಸಿರಿಯಾ, ಈಜಿಪ್ಟ್ ಮತ್ತು ಇರಾನಿನ ಬಹುಭಾಗ ಮದೀನಾದ ಆಡಳಿತಕ್ಕೆ ಬಂದವು. ವಿಜಯದ ಜೊತೆಗೆ ಸಂಪತ್ತು ಬಂತು. ಸಂಪತ್ತಿನ ಜೊತೆಗೆ ರಾಜ್ಯಪಾಲರು, ರಾಜ್ಯಪಾಲರ ಮಕ್ಕಳು, ಇಸ್ಲಾಮಿಗೆ ಹೊಸದಾಗಿ ಬಂದ ರಾಜರು, ಅವರ ಪರಿವಾರ ಎಲ್ಲವೂ ಬಂದವು. ಬಡ ಮದೀನಾದಲ್ಲಿ ಎಲ್ಲರನ್ನೂ ಸಮಾನವಾಗಿ ಕಾಣುವುದು ಅಷ್ಟೇನೂ ಕಷ್ಟವಿರಲಿಲ್ಲ. ನಿಜವಾದ ಪರೀಕ್ಷೆ ಈಗ ಆರಂಭವಾಯಿತು.

ಅವರು ಮೊದಲು ನ್ಯಾಯಾಧೀಶನ ಕೋಣೆಯನ್ನು ಸರಿಪಡಿಸಿದರು. ಹ. ಅಬೂ ಮೂಸಾ ಅಶ್‌ಅರೀ(ರ)ರಿಗೆ ಬರೆದರೆನ್ನಲಾದ ಪ್ರಸಿದ್ಧ ಪತ್ರದಲ್ಲಿ, ವಾದಿ ಪ್ರತಿವಾದಿಗಳನ್ನು ನೋಡುವ ನೋಟದಲ್ಲಿಯೂ ಕೂರಿಸುವ ಜಾಗದಲ್ಲಿಯೂ ವ್ಯತ್ಯಾಸವಿರಬಾರದೆಂದು ಸೂಚಿಸಿದರು. ಪಕ್ಷಪಾತ ಸಿಗಬಹುದೆಂಬ ಆಸೆ ದೊಡ್ಡವನಿಗೆ ಹುಟ್ಟಬಾರದು, ನ್ಯಾಯ ಸಿಗದೆಂಬ ನಿರಾಶೆ ದುರ್ಬಲನಿಗೆ ಬರಬಾರದು ಎಂಬುದು ಅದರ ಸಾರ. ಸ್ವತಃ ಅವರೇ ಒಮ್ಮೆ ಹ. ಉಬಯ್ಯ್ ಬಿನ್ ಕಅಬ್(ರ)ರೊಂದಿಗೆ ಒಂದು ವ್ಯಾಜ್ಯದಲ್ಲಿ ಹ. ಝೈದ್ ಬಿನ್ ಸಾಬಿತ್(ರ)ರ ಮನೆಗೆ ತೀರ್ಪಿಗಾಗಿ ಹೋದರು. ಝೈದ್(ರ) ಸರಿದು ಕುಳಿತು ಖಲೀಫರಿಗೆ ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಇದು ನಿಮ್ಮ ಮೊದಲ ಅನ್ಯಾಯ ಎಂದು ಹೇಳಿ ಉಮರ್(ರ) ಎದುರುಪಕ್ಷದವರ ಜೊತೆಯಲ್ಲೇ ಕುಳಿತರು. ಪ್ರಮಾಣ ಮಾಡುವ ಸರದಿ ಖಲೀಫರಿಗೆ ಬಂದಾಗ, ಅವರನ್ನು ಅದರಿಂದ ಬಿಟ್ಟುಬಿಡಿ ಎಂದು ಝೈದ್(ರ) ಉಬಯ್ಯ್(ರ)ರಲ್ಲಿ ಕೇಳಿಕೊಂಡರು. ಉಮರ್(ರ) ಒಪ್ಪದೆ ಪ್ರಮಾಣ ಮಾಡಿದರು. ತಾನೂ ಒಬ್ಬ ಸಾಮಾನ್ಯ ಮುಸ್ಲಿಮನೂ ಸಮಾನರಾಗಿ ಕಾಣುವವರೆಗೆ ಝೈದ್ ನ್ಯಾಯ ತೀರ್ಮಾನಕ್ಕೆ ಅರ್ಹರಲ್ಲ ಎಂದೂ ಹೇಳಿಬಿಟ್ಟರು.

ಅದು ಒಂದು ದಿಂಬಿನಷ್ಟು ಜಾಗದ ಮಾತು ತಾನೇ ಎಂದು ನಿಮಗನಿಸಬಹುದು. ನಮ್ಮ ಜಮಾಅತ್‌ಗಳಲ್ಲಿ ಜಗಳದ ಪಂಚಾಯತಿಗೆ ಬಂದವರಲ್ಲಿ ಯಾರಿಗೆ ಕುರ್ಚಿ ಬರುತ್ತದೆ, ಯಾರು ಬಾಗಿಲ ಬಳಿ ನಿಂತೇ ಇರುತ್ತಾರೆ ಎಂಬುದನ್ನು ಮುಂದಿನ ಸಲ ಗಮನಿಸಿ ನೋಡಿ.

ಇನ್ನು ಅವರ ಮನೆಯ ವಿಷಯ. ಜನರಿಗೆ ಯಾವುದನ್ನಾದರೂ ನಿಷೇಧಿಸಿದಾಗ ಉಮರ್(ರ) ಮೊದಲು ಮನೆಯವರನ್ನು ಸೇರಿಸುತ್ತಿದ್ದರು. ಹದ್ದುಗಳು ಮಾಂಸವನ್ನು ನೋಡುವಂತೆ ಜನರು ನಿಮ್ಮನ್ನು ನೋಡುತ್ತಿದ್ದಾರೆ, ನಿಮ್ಮಲ್ಲಿ ಯಾರಾದರೂ ತಪ್ಪಿದರೆ ನನ್ನೊಂದಿಗಿರುವ ಸಂಬಂಧದ ಕಾರಣಕ್ಕೆ ಶಿಕ್ಷೆ ಇಮ್ಮಡಿಯಾಗುವುದು ಎಂದು ಎಚ್ಚರಿಸುತ್ತಿದ್ದರು. ಅಧಿಕಾರಸ್ಥನ ಸಂಬಂಧಿ ಎಂಬುದು ಎಲ್ಲ ಕಡೆ ಶಿಕ್ಷೆಯನ್ನು ಕಡಿಮೆ ಮಾಡುವ ಕಾರಣ. ಇಲ್ಲಿ ಅದು ಹೆಚ್ಚಿಸುವ ಕಾರಣವಾಯಿತು.

ಆ ಎಚ್ಚರಿಕೆ ಬರೀ ಮಾತಾಗಿ ಉಳಿಯಲಿಲ್ಲ. ಹ. ಕುದಾಮಾ ಬಿನ್ ಮಝ್‌ಊನ್(ರ) ಬದ್ರ್ ಯುದ್ಧದಲ್ಲಿ ಭಾಗವಹಿಸಿದ ಸಹಾಬಿ. ಅವರ ಸಹೋದರಿ ಝೈನಬ್(ರ) ಉಮರ್(ರ)ರ ಪತ್ನಿ, ಹ. ಹಫ್ಸಾ(ರ) ಮತ್ತು ಹ. ಅಬ್ದುಲ್ಲಾ(ರ)ರ ತಾಯಿ. ಅಂದರೆ ಕುದಾಮಾ(ರ) ಖಲೀಫರ ಭಾವಮೈದುನ. ಅವರನ್ನು ಬಹ್ರೈನ್‌ಗೆ ರಾಜ್ಯಪಾಲರಾಗಿ ನೇಮಿಸಲಾಗಿತ್ತು. ಅಲ್ಲಿನ ಅಬ್ದುಲ್ ಕೈಸ್ ಗೋತ್ರದ ಮುಖಂಡ ಜಾರೂದ್(ರ) ಮದೀನಾಕ್ಕೆ ಬಂದು, ರಾಜ್ಯಪಾಲರು ಮದ್ಯ ಸೇವಿಸಿದ್ದಾರೆಂದು ದೂರು ಕೊಟ್ಟರು. ಸಾಕ್ಷಿ ಯಾರು ಎಂದು ಉಮರ್(ರ) ಕೇಳಿದರು. ಹ. ಅಬೂ ಹುರೈರಾ(ರ)ರ ಹೆಸರು ಬಂತು. ಅವರು, ಕುಡಿಯುವುದನ್ನು ನಾನು ಕಂಡಿಲ್ಲ, ಅಮಲಿನಲ್ಲಿ ವಾಂತಿ ಮಾಡುವುದನ್ನು ಕಂಡಿದ್ದೇನೆ ಎಂದಷ್ಟೇ ಹೇಳಿದರು. ಕುದಾಮಾ(ರ)ರನ್ನು ಕರೆಸಲಾಯಿತು.

ಜಾರೂದ್(ರ) ಪದೇ ಪದೇ ಬಂದು ಅಲ್ಲಾಹನ ವಿಧಿಯನ್ನು ಜಾರಿ ಮಾಡಿ ಎಂದು ಒತ್ತಾಯಿಸತೊಡಗಿದರು. ಉಮರ್(ರ) ಸಿಡಿಮಿಡಿಗೊಂಡರು. ನೀನು ದೂರುದಾರನೋ ಸಾಕ್ಷಿಯೋ, ಬಾಯಿ ಮುಚ್ಚದಿದ್ದರೆ ನಿನ್ನನ್ನೇ ನೋಡಿಕೊಳ್ಳಬೇಕಾದೀತು ಎಂದು ಗದರಿಸಿದರು. ಆಗ ಜಾರೂದ್(ರ), ಮದ್ಯ ಕುಡಿದದ್ದು ನಿಮ್ಮವನು, ಹೆದರಿಸುತ್ತಿರುವುದು ನನ್ನನ್ನು, ಇದು ನ್ಯಾಯವಲ್ಲ ಎಂದು ನೇರವಾಗಿ ಹೇಳಿದರು. ನನಗೆ ಈ ಘಟನೆಯಲ್ಲಿ ಅತ್ಯಂತ ಮುಖ್ಯವೆನಿಸುವುದು ಈ ಕ್ಷಣ. ಉಮರ್(ರ) ಕೂಡ ಮನುಷ್ಯರೇ. ಸಂಬಂಧಿಯ ಮೇಲೆ ದೂರು ಬಂದಾಗ ದೂರುದಾರನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಅದನ್ನು ಅವರ ಮುಖಕ್ಕೇ ಹೇಳುವ ಧೈರ್ಯ ದೂರದ ಊರಿನವನೊಬ್ಬನಿಗೆ ಇತ್ತು, ಹೇಳಿದವನಿಗೆ ಏನೂ ಆಗಲಿಲ್ಲ.

ಕೊನೆಗೆ ಕುದಾಮಾ(ರ)ರ ಪತ್ನಿಯನ್ನೇ ವಿಚಾರಿಸಲಾಯಿತು. ಆಕೆ ಗಂಡನ ವಿರುದ್ಧ ಸಾಕ್ಷ್ಯ ನುಡಿದರು. ಕುದಾಮಾ(ರ) ಕುರ್‌ಆನಿನ ಒಂದು ಸೂಕ್ತವನ್ನು ಮುಂದಿಟ್ಟು, ವಿಶ್ವಾಸಿಗಳಾಗಿ ಸತ್ಕರ್ಮ ಮಾಡಿದವರಿಗೆ ಇದರಲ್ಲಿ ದೋಷವಿಲ್ಲ ಎಂದು ವಾದಿಸಿದರು. ನೀವು ಅರ್ಥವನ್ನು ತಪ್ಪಾಗಿ ಹಿಡಿದಿದ್ದೀರಿ, ದೇವಭಯವಿದ್ದಿದ್ದರೆ ನಿಷೇಧಿಸಿದ್ದನ್ನು ಬಿಡುತ್ತಿದ್ದಿರಿ ಎಂದು ಉಮರ್(ರ) ಉತ್ತರಿಸಿದರು. ಆಗ ಕುದಾಮಾ(ರ) ಅಸ್ವಸ್ಥರಾಗಿದ್ದರು. ಗುಣವಾಗುವವರೆಗೆ ಕಾಯಿರಿ ಎಂದು ಜನರು ಸಲಹೆ ಕೊಟ್ಟರು. ಕೆಲವು ದಿನ ಕಾದ ಮೇಲೆ, ಈ ಹೊಣೆ ನನ್ನ ಕೊರಳಲ್ಲಿ ಉಳಿಯುವುದಕ್ಕಿಂತ ಅವರು ಚಾಟಿಯ ಕೆಳಗೆ ಅಲ್ಲಾಹನನ್ನು ಸೇರುವುದೇ ಲೇಸು ಎಂದು ಹೇಳಿ ಶಿಕ್ಷೆಯನ್ನು ಜಾರಿಗೊಳಿಸಿದರು. ಭಾವಮೈದುನರ ನಡುವೆ ಮಾತು ನಿಂತುಹೋಯಿತು. ಮುಂದೆ ಹಜ್ಜ್‌ನಿಂದ ಹಿಂತಿರುಗುವ ದಾರಿಯಲ್ಲಿ ಉಮರ್(ರ) ಒಂದು ಕನಸು ಕಂಡು ಎಚ್ಚೆತ್ತು, ಕುದಾಮಾರನ್ನು ಕರೆತನ್ನಿ ಎಂದರು. ಅವರು ಬರಲೊಪ್ಪದಿದ್ದಾಗ ಎಳೆದಾದರೂ ತನ್ನಿ ಎಂದರು. ಆಮೇಲೆ ಮಾತಾಡಿಸಿ, ಅವರಿಗಾಗಿ ಕ್ಷಮೆ ಯಾಚಿಸಿ ರಾಜಿಯಾದರು.

ಮಗ ಅಬ್ದುರ್ರಹ್ಮಾನನ ಕಥೆಯನ್ನು ನೀವು ವಅಝ್‌ಗಳಲ್ಲಿ ಕೇಳಿದ್ದೀರಿ: ಅಬೂ ಶಹ್ಮಾ ಚಾಟಿಯ ಕೆಳಗೇ ಪ್ರಾಣ ಬಿಟ್ಟರು, ಸತ್ತ ಮೇಲೂ ಉಳಿದ ಏಟುಗಳನ್ನು ಎಣಿಸಲಾಯಿತು ಎಂದೆಲ್ಲ. ಅಳು ಬರಿಸುವ ಕಥೆ ಹೌದು, ಆದರೆ ಇಬ್ನುಲ್ ಜೌಝಿಯಂತಹ ವಿದ್ವಾಂಸರು ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದಾರೆ. ನಡೆದದ್ದು ಇಷ್ಟು. ಅಬ್ದುರ್ರಹ್ಮಾನ್ ಈಜಿಪ್ಟಿನಲ್ಲಿ ಒಬ್ಬ ಜೊತೆಗಾರನೊಂದಿಗೆ ಪಾನೀಯವೊಂದನ್ನು ಕುಡಿದು ಅಮಲೇರಿದರು. ಎಚ್ಚರವಾದ ಮೇಲೆ ಇಬ್ಬರೂ ತಾವಾಗಿಯೇ ರಾಜ್ಯಪಾಲ ಹ. ಅಮ್ರ್ ಬಿನ್ ಆಸ್(ರ)ರ ಬಳಿಗೆ ಹೋಗಿ ನಮ್ಮನ್ನು ಶುದ್ಧಗೊಳಿಸಿ ಎಂದರು. ಆ ಕಾಲದಲ್ಲಿ ಚಾಟಿಯೇಟಿನ ಜೊತೆಗೆ ತಲೆ ಬೋಳಿಸುವುದೂ ರೂಢಿಯಲ್ಲಿತ್ತು. ಖಲೀಫರ ಮಗನಾದ್ದರಿಂದ ಅವರ ತಲೆಯನ್ನು ಮನೆಯೊಳಗೆ ಬೋಳಿಸಲಾಯಿತು. ಬೋಳಿಸಿದವರು ಸ್ವತಃ ಅಣ್ಣ ಅಬ್ದುಲ್ಲಾ(ರ).

ಶಿಕ್ಷೆ ಆಗಿತ್ತು. ಆದರೂ ಸುದ್ದಿ ಮದೀನಾಕ್ಕೆ ಮುಟ್ಟಿದಾಗ ಉಮರ್(ರ) ಕೆರಳಿದರು. ಇತರರಿಗೆ ಜನರ ಕಣ್ಣೆದುರಿನಲ್ಲಿ ಆಗುವುದು ನನ್ನ ಮಗನಿಗೆ ಗೋಡೆಯ ಮರೆಯಲ್ಲಿ ಏಕೆ? ಮಗನನ್ನು ಮೆತ್ತೆಯಿಲ್ಲದ ಮರದ ಜೀನಿನ ಮೇಲೆ ಕೂರಿಸಿ ಕಳುಹಿಸಬೇಕೆಂದು ಬರೆದರು. ಬಂದ ಮೇಲೆ ತಾವೇ ದಂಡಿಸಿದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯೇ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಎರಡನೆಯದು ಶಾಸನದ ಶಿಕ್ಷೆಯಲ್ಲ, ತಂದೆ ಮಗನಿಗೆ ಕೊಟ್ಟ ಶಿಸ್ತಿನ ದಂಡನೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಸುಮಾರು ಒಂದು ತಿಂಗಳು ಆರೋಗ್ಯದಿಂದಿದ್ದು ಆಮೇಲೆ ಅಬ್ದುರ್ರಹ್ಮಾನ್ ತೀರಿಕೊಂಡರು. ಚಾಟಿಯಿಂದ ಸತ್ತರೆಂದು ಜನರು ಭಾವಿಸಿದ್ದಾರೆ, ಆದರೆ ಹಾಗಲ್ಲ ಎಂದು ಅಬ್ದುಲ್ಲಾ(ರ)ರೇ ತಿಳಿಸಿದ್ದಾರೆ.

ಹೊರಗಿನ ದೊಡ್ಡವರ ವಿಷಯದಲ್ಲಿ ನೀವು ಗಸ್ಸಾನಿನ ದೊರೆ ಜಬಲಾ ಬಿನ್ ಐಹಮನ ಹೆಸರು ಕೇಳಿದ್ದೀರಿ. ಇಸ್ಲಾಮಿಗೆ ಬಂದಿದ್ದ ಅವನು ಒಬ್ಬ ಸಾಮಾನ್ಯನ ಮುಖಕ್ಕೆ ಹೊಡೆದ. ಕಅಬಾದ ಪ್ರದಕ್ಷಿಣೆಯ ವೇಳೆ ಆತ ತನ್ನ ಉಡುಪಿನ ಅಂಚನ್ನು ತುಳಿದನೆಂಬ ಕಾರಣಕ್ಕೆ ಎಂದು ಕೆಲವರೂ, ದಮಾಸ್ಕಸ್ ಪೇಟೆಯಲ್ಲಿ ಎಂದು ಇನ್ನು ಕೆಲವರೂ ಬರೆದಿದ್ದಾರೆ. ಪೆಟ್ಟು ತಿಂದವನನ್ನು ಸಮಾಧಾನಪಡಿಸು, ಇಲ್ಲವೇ ಅವನ ಪೆಟ್ಟಿಗೆ ಮುಖ ಒಡ್ಡು ಎಂಬುದು ತೀರ್ಪು. ರಾಜನಿಗೂ ಬೀದಿಯವನಿಗೂ ಒಂದೇ ಬೆಲೆಯೇ ಎಂದು ಜಬಲಾ ದಂಗಾಗಿ, ರಾತ್ರೋರಾತ್ರಿ ತನ್ನವರೊಂದಿಗೆ ರೋಮನರ ಕಡೆಗೆ ಹೊರಟುಹೋದ. ಗಡಿಯಲ್ಲಿ ಬಲವಾದ ಒಂದು ಗೋತ್ರದ ಬೆಂಬಲ ಕೈಬಿಟ್ಟಿತು. ಅಷ್ಟು ದೊಡ್ಡ ಲಾಭಕ್ಕಾಗಿ ಒಂದು ಪೆಟ್ಟನ್ನು ನುಂಗಿಕೊಳ್ಳಬಾರದಿತ್ತೇ ಎಂದು ಲೆಕ್ಕ ಹಾಕುವವರು ಅಂದೂ ಇದ್ದಿರಬೇಕು.

ಈಜಿಪ್ಟಿನ ಚರಿತ್ರೆಕಾರ ಇಬ್ನ್ ಅಬ್ದುಲ್ ಹಕಮ್ ದಾಖಲಿಸಿದ ಇನ್ನೊಂದು ಘಟನೆಯಲ್ಲಿ ದೂರುದಾರನು ಮುಸ್ಲಿಮನೂ ಅಲ್ಲ, ಒಬ್ಬ ಕಾಪ್ಟಿಕ್ ಕ್ರೈಸ್ತ. ಓಟದ ಪಂದ್ಯದಲ್ಲಿ ತಾನು ಗೆದ್ದದ್ದಕ್ಕೆ ರಾಜ್ಯಪಾಲ ಅಮ್ರ್(ರ)ರ ಮಗ, ತಾನು ಕುಲೀನರ ಮಗನೆಂದು ಹೇಳುತ್ತಾ ಚಾಟಿಯಿಂದ ಹೊಡೆದನೆಂದು ಅವನ ದೂರು. ಅಷ್ಟು ದೂರದಿಂದ ಮದೀನಾಕ್ಕೆ ಬಂದ ಆ ಮನುಷ್ಯನನ್ನು ಅಲ್ಲೇ ಇರಿಸಿಕೊಂಡು ಉಮರ್(ರ) ತಂದೆ ಮಗ ಇಬ್ಬರನ್ನೂ ಕರೆಸಿದರು. ಚಾಟಿಯನ್ನು ಕಾಪ್ಟಿಕ್‌ನ ಕೈಗೆ ಕೊಟ್ಟು ಕುಲೀನರ ಮಗನಿಗೆ ಹೊಡೆ ಎಂದರು. ಅವನು ಸಾಕೆನಿಸುವವರೆಗೆ ಹೊಡೆದ. ಈಗ ತಂದೆಯ ಬೋಳುತಲೆಯ ಮೇಲೂ ಒಂದು ಇಡು, ಮಗನು ಹೊಡೆದದ್ದು ತಂದೆಯ ಅಧಿಕಾರದ ಬಲದಿಂದಲ್ಲವೇ ಎಂದರು. ಕಾಪ್ಟಿಕ್ ಒಪ್ಪಲಿಲ್ಲ. ನನಗೆ ಹೊಡೆದವನಿಗೆ ನಾನು ಹೊಡೆದಾಯಿತು ಎಂದ. ತಾಯಂದಿರು ಸ್ವತಂತ್ರರಾಗಿ ಹೆತ್ತವರನ್ನು ನೀವು ಎಂದಿನಿಂದ ಗುಲಾಮರನ್ನಾಗಿ ಮಾಡಿಕೊಂಡಿರಿ ಎಂದು ಉಮರ್(ರ) ಅಮ್ರ್(ರ)ರನ್ನು ಕೇಳಿದ್ದು ಆಗಲೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡವರನ್ನು ಬಿಡಬಾರದು ಎಂಬುದರ ಕುರಿತು. ನ್ಯಾಯಕ್ಕೆ ಇನ್ನೊಂದು ಮುಖವಿದೆ, ನಾವು ಅದನ್ನು ಬೇಗ ಮರೆಯುತ್ತೇವೆ. ಶ್ರೀಮಂತನಿಗೂ ಬಡವನಿಗೂ ಒಂದೇ ಶಿಕ್ಷೆ ಎಂದು ಘೋಷಿಸಿ ಕೈತೊಳೆದುಕೊಂಡರೆ ಸಾಕೇ? ಹೊಟ್ಟೆ ತುಂಬಿದವನು ಕದಿಯುವುದೂ ಹಸಿದವನು ಕದಿಯುವುದೂ ಒಂದೇ ಏನು?

ಇಮಾಮ್ ಮಾಲಿಕ್(ರ) ತಮ್ಮ ಮುವತ್ತಾದಲ್ಲಿ ಉದ್ಧರಿಸಿದ ಪ್ರಕರಣ ಹೀಗಿದೆ. ಹಾತಿಬ್‌ರ ಮನೆಯ ಗುಲಾಮರು ಮುಝೈನಾ ಗೋತ್ರದ ಒಬ್ಬನ ಹೆಣ್ಣೊಂಟೆಯನ್ನು ಕದ್ದು ಕೊಯ್ದು ತಿಂದರು. ಸಿಕ್ಕಿಬಿದ್ದು ಖಲೀಫರ ಮುಂದೆ ಬಂದರು. ಕೈ ಕತ್ತರಿಸುವಂತೆ ಉಮರ್(ರ) ಕಸೀರ್ ಬಿನ್ ಸಲ್ತ್‌ಗೆ ಆಜ್ಞಾಪಿಸಿದರು. ಆಮೇಲೆ ಯೋಚನೆಗೆ ಬಿದ್ದರು. ಒಂಟೆಯನ್ನು ಮಾರಲು ಕದ್ದಿರಲಿಲ್ಲ, ತಿಂದಿದ್ದರು. ಯಜಮಾನನತ್ತ ತಿರುಗಿ, ನೀನು ಇವರನ್ನು ಹಸಿವಿನಲ್ಲಿ ಇಡುತ್ತಿರುವೆ ಎಂದು ನನಗೆ ತೋರುತ್ತದೆ, ನಿನಗೆ ನೋವಾಗುವಂತಹ ದಂಡವನ್ನೇ ಹಾಕುತ್ತೇನೆ ಎಂದರು. ಒಂಟೆಯ ಒಡೆಯನಲ್ಲಿ ಬೆಲೆ ವಿಚಾರಿಸಿದರು. ನಾನೂರು ದಿರ್ಹಮ್‌ಗೂ ಕೊಟ್ಟಿರಲಿಲ್ಲ ಎಂದ ಆತ. ಹಾಗಾದರೆ ಇವನಿಗೆ 800 ದಿರ್ಹಮ್ ಕೊಡು ಎಂದು ಯಜಮಾನನಿಗೆ ಆಜ್ಞೆಯಾಯಿತು.

ಕಳ್ಳತನ ಆಗಿರಲಿಲ್ಲವೆಂದು ಉಮರ್(ರ) ಹೇಳಲಿಲ್ಲ. ಒಂಟೆ ಕಳೆದುಕೊಂಡವನಿಗೆ ನಷ್ಟವನ್ನೂ ಉಳಿಸಲಿಲ್ಲ. ಅಪರಾಧದ ಬೇರು ಯಾವ ಅಡುಗೆಮನೆಯಲ್ಲಿದೆ ಎಂದು ಹುಡುಕಿದರು, ದಂಡವನ್ನು ಆ ಮನೆಗೆ ಹೊರಿಸಿದರು. ಇಮ್ಮಡಿ ದಂಡದ ಈ ಕ್ರಮವನ್ನು ಇಮಾಮ್ ಮಾಲಿಕ್(ರ) ತಮ್ಮ ಮದೀನಾದ ಆಚರಣೆಯಾಗಿ ಒಪ್ಪಲಿಲ್ಲ ಎಂಬುದೂ ಅದೇ ಗ್ರಂಥದಲ್ಲಿದೆ. ಕಾನೂನಿನ ಚರ್ಚೆ ಕಾನೂನಿನವರಿಗಿರಲಿ. ನಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಮನೆಗೆಲಸಕ್ಕೆ ಇರುವವರ ಮೇಲೆ ಕಳವಿನ ದೂರು ಕೊಡಲು ಪೊಲೀಸ್ ಠಾಣೆಗೆ ಹೊರಡುವ ಮುನ್ನ, ಅವರ ಸಂಬಳ ಎಷ್ಟು ತಿಂಗಳಿಂದ ಬಾಕಿಯಿದೆ ಎಂದು ಉಮರ್(ರ) ನಮ್ಮನ್ನು ಕೇಳಿದ್ದರೆ ಏನು ಉತ್ತರಿಸುತ್ತಿದ್ದೆವು?

ಹಿಜರಿ 18, ಅಂದರೆ ಕ್ರಿ.ಶ. 639ರಲ್ಲಿ ಅರೇಬಿಯಾದಲ್ಲಿ ಭೀಕರ ಬರಗಾಲ ಬಂತು. ನೆಲ ಬೂದಿಯಂತಾದ್ದರಿಂದ ಅದನ್ನು ಬೂದಿಯ ವರ್ಷ ಎಂದು ಕರೆದರು. ಉಮರ್(ರ) ತುಪ್ಪವನ್ನು ಬಿಟ್ಟು ಎಣ್ಣೆಯಲ್ಲಿ ರೊಟ್ಟಿ ತಿಂದರು, ಮೈಬಣ್ಣ ಕಪ್ಪಿಟ್ಟಿತು. ಆ ವರ್ಷ ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆಯನ್ನು ಅವರು ಜಾರಿಗೊಳಿಸಲಿಲ್ಲ. ಅನ್ನಿಸಾ ಅಧ್ಯಾಯದ 135ನೇ ಸೂಕ್ತದಲ್ಲಿ ಅಲ್ಲಾಹನು, ಎದುರಿಗಿರುವವನು ಶ್ರೀಮಂತನಿರಲಿ ಬಡವನಿರಲಿ ನ್ಯಾಯದಲ್ಲಿ ದೃಢವಾಗಿ ನಿಲ್ಲಬೇಕೆಂದು, ಅದು ನಿಮ್ಮ ಸ್ವಂತದವರ ವಿರುದ್ಧವಾಗಿದ್ದರೂ ಸರಿ ಎಂದು ಆಜ್ಞಾಪಿಸಿದ್ದಾನೆ. ಬಡವನೆಂದು ಮರುಗಿ ನ್ಯಾಯ ತಪ್ಪುವುದಕ್ಕೂ ಅಲ್ಲಿ ಅವಕಾಶವಿಲ್ಲ. ಉಮರ್(ರ) ತೋರಿಸಿದ್ದು ಮರುಕವಲ್ಲ. ಹಸಿವು ಆಯ್ಕೆಯನ್ನೇ ಕಿತ್ತುಕೊಂಡಿದ್ದ ವರ್ಷದಲ್ಲಿ ಅಪರಾಧವೇ ಬೇರೆಯಾಗಿತ್ತು.

ಕ್ರಿ.ಶ. 644ರಲ್ಲಿ ಹ. ಮುಗೀರಾ ಬಿನ್ ಶುಅಬಾ(ರ)ರ ಪರ್ಷಿಯನ್ ಗುಲಾಮ ಅಬೂ ಲುಅಲುಅ ಖಲೀಫರ ಬಳಿ ಬಂದು, ಯಜಮಾನನಿಗೆ ಕಟ್ಟಬೇಕಾದ ದಿನದ ಹಣ ಹೆಚ್ಚಾಯಿತೆಂದು ದೂರಿದ. ಅವನು ಬಡಗಿಯೂ ಕಮ್ಮಾರನೂ ಆಗಿದ್ದ. ಇಷ್ಟು ಕಸುಬು ತಿಳಿದವನಿಗೆ ಇದು ಹೆಚ್ಚಲ್ಲ ಎಂದು ಉಮರ್(ರ) ಹೇಳಿದರು. ಅವನು ಗೊಣಗುತ್ತಾ ಹೋದ. ಈ ಗುಲಾಮ ನನಗೆ ಬೆದರಿಕೆ ಹಾಕಿದ ಎಂದು ಉಮರ್(ರ) ಜೊತೆಗಿದ್ದವರಿಗೆ ಹೇಳಿದರು, ಆದರೆ ಅವನನ್ನು ಹಿಡಿಸಲಿಲ್ಲ. ಮಾಡದ ಅಪರಾಧಕ್ಕೆ ಗುಲಾಮನನ್ನು ಸೆರೆಗೆ ಹಾಕುವುದು ಅಂದಿನ ಲೋಕದ ಯಾವ ರಾಜನಿಗೂ ಕಷ್ಟವಾಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಫಜ್ರ್ ನಮಾಝ್‌ನಲ್ಲಿ ಅವನ ಕಠಾರಿ ಅವರ ಹೊಟ್ಟೆಯನ್ನು ಸೀಳಿತು. ಸಿಕ್ಕಿಬಿದ್ದಾಗ ಅವನು ತನ್ನನ್ನೇ ಇರಿದುಕೊಂಡು ಸತ್ತ.

ಮರಣಶಯ್ಯೆಯಲ್ಲಿ ಉಮರ್(ರ) ತಮ್ಮ ಸಾಲದ ಲೆಕ್ಕ ಮಾಡಿಸಿದರು. ಸುಮಾರು 86,000 ದಿರ್ಹಮ್ ಆಗಿತ್ತು. ಅದನ್ನು ಮನೆಯ ಆಸ್ತಿಯಿಂದ ತೀರಿಸಬೇಕೆಂದು, ಸಾಲದಿದ್ದರೆ ಗೋತ್ರದವರಲ್ಲಿ ಕೇಳಬೇಕೆಂದು ಅಬ್ದುಲ್ಲಾ(ರ)ರಿಗೆ ಹೇಳಿದರು.

ಅಷ್ಟರಲ್ಲಿ ಇನ್ನೊಬ್ಬ ಮಗ ಉಬೈದುಲ್ಲಾ ಕತ್ತಿ ಹಿಡಿದು ಹೊರಟಿದ್ದರು. ಕೊಲೆಗೆ ಬಳಸಿದ ಕಠಾರಿಯನ್ನು ಹುರ್ಮುಝಾನ್ ಮತ್ತು ಜುಫೈನಾ ಎಂಬವರು ಅಬೂ ಲುಅಲುಅನ ಜೊತೆಯಿದ್ದಾಗ ಕಂಡೆನೆಂದು ಒಬ್ಬರು ಹೇಳಿದ್ದೇ ಸಾಕಾಗಿತ್ತು. ಹುರ್ಮುಝಾನ್ ಸೋತು ಸೆರೆಯಾಗಿ ಬಂದು ಇಸ್ಲಾಮ್ ಸ್ವೀಕರಿಸಿದ್ದ ಪರ್ಷಿಯನ್ ಸೇನಾನಿ. ಉಬೈದುಲ್ಲಾ ಅವನನ್ನೂ ಜುಫೈನಾನನ್ನೂ ಕೊಂದರು. ಅಬೂ ಲುಅಲುಅನ ಎಳೆಯ ಮಗಳನ್ನೂ ಕೊಂದರು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಈ ಸುದ್ದಿ ಉಸಿರು ಇನ್ನೂ ಇದ್ದ ತಂದೆಗೆ ಮುಟ್ಟಿತೆಂದೂ, ಅವನಲ್ಲಿ ಪುರಾವೆ ಕೇಳಿ, ತರದಿದ್ದರೆ ಅವನಿಂದ ಪ್ರತೀಕಾರ ಪಡೆಯಿರಿ ಎಂದು ಅವರು ಹೇಳಿದರೆಂದೂ ಒಂದು ವರದಿಯಲ್ಲಿದೆ.

ಹ. ಉಸ್ಮಾನ್(ರ) ಖಲೀಫರಾದಾಗ ಅವರ ಮುಂದೆ ಬಂದ ಮೊದಲ ಮೊಕದ್ದಮೆ ಇದೇ. ಉಬೈದುಲ್ಲಾರನ್ನು ಕೊಲ್ಲಬೇಕೆಂದು ಹ. ಅಲೀ(ರ) ಅಭಿಪ್ರಾಯಪಟ್ಟರು. ನಿನ್ನೆ ತಂದೆ ಹತನಾದ, ಇಂದು ಮಗನನ್ನೂ ಕೊಲ್ಲುವುದೇ ಎಂದು ಕೆಲವರು ತಳಮಳಿಸಿದರು. ವಾರಸುದಾರರಿಲ್ಲದವರಿಗೆ ತಾನೇ ವಾಲಿ ಎಂದು ಹೇಳಿ ಉಸ್ಮಾನ್(ರ) ರಕ್ತಪರಿಹಾರವನ್ನು ತಮ್ಮ ಸ್ವಂತ ಹಣದಿಂದ ಕೊಟ್ಟರೆಂದು ಒಂದು ವರದಿ. ಹುರ್ಮುಝಾನನ ಮಗನಿಗೇ ಉಬೈದುಲ್ಲಾರನ್ನು ಒಪ್ಪಿಸಿಕೊಡಲಾಯಿತು, ಇವನನ್ನು ನಾನು ಕೊಂದರೆ ತಡೆಯುವ ಹಕ್ಕು ನಿಮಗಿದೆಯೇ ಎಂದು ಅವನು ಮದೀನಾದವರನ್ನು ಕೇಳಿದ, ಇಲ್ಲವೆಂದಾಗ ಅಲ್ಲಾಹನಿಗಾಗಿ ಬಿಟ್ಟುಕೊಟ್ಟ ಎಂದು ಇನ್ನೊಂದು ವರದಿ. ಹ. ಅಲೀ(ರ) ಖಲೀಫರಾದಾಗ ಪ್ರಶ್ನೆ ಮತ್ತೆ ಎದ್ದಿತು. ಉಬೈದುಲ್ಲಾ ಸಿರಿಯಾಕ್ಕೆ ಹೋಗಿ ಹ. ಮುಆವಿಯಾ(ರ)ರ ಪಾಳಯವನ್ನು ಸೇರಿದರು. ಕ್ರಿ.ಶ. 657ರಲ್ಲಿ ಸಿಫ್ಫೀನ್ ಯುದ್ಧದಲ್ಲಿ ಅವರು ಹತರಾದಾಗ ಆ ಮೂವರು ಸತ್ತು ಹದಿಮೂರು ವರ್ಷಗಳಾಗಿದ್ದವು.